ಡಯಟ್ ಸೋಡಾ ಸರಿ, ಆದರೆ ಯಾವುದರ ಬದಲಿಗೆ?

ಸಂಪಾದಕರಿಗೆ ನಮಸ್ಕಾರ,

ಎರಡು ವಾರದಿಂದ ನಿಮ್ಮ ಓದುಗರ ಪುಟದಲ್ಲಿ ಡಯಟ್ ಸೋಡಾ, ಅಂದರೆ ಸಕ್ಕರೆ ಬದಲು ಬೇರೆ ಸಿಹಿ ಹಾಕಿದ ಕೋಲಾದಂಥ ಪಾನೀಯದ ಬಗ್ಗೆ ಪತ್ರಗಳು ಬರುತ್ತಿವೆ. ಒಬ್ಬರು ಅದು ವಿಷ, ಕುಡಿದರೆ ಕ್ಯಾನ್ಸರ್ ಗ್ಯಾರಂಟಿ ಅಂತ ಬರೆದರು. ಇನ್ನೊಬ್ಬರು ಸಕ್ಕರೆನೇ ಇಲ್ಲ, ಹಾಗಾಗಿ ನೀರು ಕುಡಿದ ಲೆಕ್ಕ ಅಂತ ಬರೆದರು. ಯಾವುದರ ಬದಲಿಗೆ ಕುಡಿಯುತ್ತೀರಿ ಅಂತ ಮಾತ್ರ ಇಬ್ಬರೂ ಕೇಳಲಿಲ್ಲ. ನನ್ನ ಪ್ರಕಾರ ಮೊದಲು ಕೇಳಬೇಕಾದದ್ದೇ ಅದು.

ನಾನು ಡಾಕ್ಟರ್ ಅಲ್ಲ. ಸುಂಟಿಕೊಪ್ಪದ ಹತ್ತಿರ ರಸ್ತೆ ಬದಿಯಲ್ಲಿ ಒಂದು ಸಣ್ಣ ಅಂಗಡಿ ಇಟ್ಟಿದ್ದೇನೆ. ಕುಶಾಲನಗರ ದಾಟಿ ಮಡಿಕೇರಿಗೆ ಹೋಗುವ ಕಾರುಗಳು ನಿಲ್ಲುತ್ತವೆ, ಸುತ್ತಲಿನ ತೋಟದವರೂ ಬರುತ್ತಾರೆ. ಫ್ರಿಜ್‌ನಲ್ಲಿ ಸಕ್ಕರೆಯ ಕೋಲಾನೂ ಇದೆ, ಡಯಟ್ ಕೋಲಾನೂ ಇದೆ, ಯಾವುದು ಹೋದರೂ ನನಗೆ ಅಷ್ಟೇ. ಅದೂ ಅಲ್ಲದೆ ಆರು ವರ್ಷದಿಂದ ನನಗೇ ಶುಗರ್ ಇದೆ. ಹಾಗಾಗಿ ಈ ವಿಷಯ ಸುಮ್ನೆ ಟೈಂಪಾಸ್‌ಗೆ ಓದಿಕೊಂಡದ್ದಲ್ಲ.

ಮೊದಲು ನಮ್ಮ ಅಂಗಡಿಯಲ್ಲೇ ಆದ ಒಂದು ತಪ್ಪು ಹೇಳಿಬಿಡುತ್ತೇನೆ.

ಎರಡು ವರ್ಷದ ಹಿಂದೆ, ರೊಬಸ್ಟಾ ಕಾಫಿ ಕೊಯ್ಲಿನ ಸಮಯ. ಹತ್ತಿರದ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಒಬ್ಬರು ಮಧ್ಯಾಹ್ನ ಎರಡು ಗಂಟೆ ಹೊತ್ತಿಗೆ ಬಂದು ಬೆಂಚಿನ ಮೇಲೆ ಕೂತರು. ಇನ್ಸುಲಿನ್ ತೆಗೆದುಕೊಳ್ಳುವವರು. ಬೆಳಗ್ಗೆ ಇಂಜೆಕ್ಷನ್ ಹಾಕಿಕೊಂಡು, ಕಣದಲ್ಲಿ ಚೀಲ ಎಣಿಸುತ್ತಾ ನಿಂತು, ಊಟ ತಪ್ಪಿಸಿಕೊಂಡಿದ್ದಾರೆ. ಅಂಗಿ ಪೂರ್ತಿ ಬೆವರಿಗೆ ಅಂಟಿಕೊಂಡಿತ್ತು, ಕೈ ನಡುಗುತ್ತಿತ್ತು, ಮಾತು ತೊದಲುತ್ತಿತ್ತು. ನಾನು ಒಳಗೆ ಊಟಕ್ಕೆ ಕೂತಿದ್ದೆ. ಅಂಗಡಿಯ ಹುಡುಗ ಒಳ್ಳೆಯವನೇ, ಓಡಿಹೋಗಿ ಫ್ರಿಜ್ ತೆಗೆದು ಡಯಟ್ ಕೋಲಾ ಕ್ಯಾನ್ ಒಡೆದು ಕೊಟ್ಟ. "ಅಣ್ಣನಿಗೆ ಶುಗರ್ ಅಲ್ವಾ, ಅದಕ್ಕೇ ಸಕ್ಕರೆ ಇಲ್ಲದ್ದು ಕೊಟ್ಟೆ" ಅಂದ. ರೈಟರ್ ಅರ್ಧ ಕ್ಯಾನ್ ಕುಡಿದರು. ಏನೂ ಆಗಲಿಲ್ಲ. ಆಗುವುದಾದರೂ ಹೇಗೆ, ಅದರಲ್ಲಿ ಸಕ್ಕರೆನೇ ಇಲ್ಲವಲ್ಲ! ನಾನು ಬಂದು ನೋಡುವಾಗ ಕಣ್ಣು ಮೇಲೆ ಹೋಗುವಂತಿತ್ತು. ಲೋಟಕ್ಕೆ ಮೂರು ನಾಲ್ಕು ಚಮಚ ಸಕ್ಕರೆ ಸುರಿದು, ನೀರು ಹಾಕಿ ಕದಡಿ, ಗುಟುಕು ಗುಟುಕಾಗಿ ಕುಡಿಸಿದೆ. ಹತ್ತು ಹದಿನೈದು ನಿಮಿಷದಲ್ಲಿ ಮನುಷ್ಯ ಸರಿಯಾಗಿ ಕೂತು, "ಚೀಲದ ಲೆಕ್ಕದ ಪುಸ್ತಕ ಎಲ್ಲಿ?" ಅಂತ ಕೇಳಿದರು. ಆಮೇಲೆ ಹೋದ ಜೀವ ಬಂತು ನನಗೆ.

ಶುಗರ್ ಜಾಸ್ತಿ ಆಗುವುದು ಬೇರೆ, ಇಳಿದುಹೋಗುವುದು ಬೇರೆ. ಇಳಿದಾಗ ಬೇಕಾಗಿರುವುದು ನಿಜವಾದ ಸಕ್ಕರೆ, ಸುಮಾರು 15 ಗ್ರಾಂ, ಅಂದರೆ ಮೂರು ಚಮಚ. 15 ನಿಮಿಷ ಬಿಟ್ಟು ನೋಡಿ, ಸರಿಯಾಗದಿದ್ದರೆ ಇನ್ನೊಮ್ಮೆ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬಾರದು, ನೇರ ಆಸ್ಪತ್ರೆ. ಆ ಹೊತ್ತಿನಲ್ಲಿ ಮಾಮೂಲಿ ಕೋಲಾ ಅರ್ಧ ಲೋಟ ಔಷಧಿ, ಡಯಟ್ ಕೋಲಾ ಬರೀ ಬಣ್ಣದ ನೀರು. ಒಂದೇ ಫ್ರಿಜ್, ಪಕ್ಕಪಕ್ಕದ ಎರಡು ಕ್ಯಾನ್.

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. ದಿನಕ್ಕೊಂದು 300 ಮಿಲಿ ಸಕ್ಕರೆಯ ಕೋಲಾ ಕುಡಿಯುವವರು ಇದ್ದಾರೆ, ನನ್ನ ಗಿರಾಕಿಗಳಲ್ಲೇ ನಾಲ್ಕೈದು ಜನ. ಅದರಲ್ಲಿ ಹತ್ತಿರಹತ್ತಿರ 30 ಗ್ರಾಂ ಸಕ್ಕರೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ದಿನಕ್ಕೆ ಸುಮಾರು 50 ಗ್ರಾಂಗಿಂತ ಕೆಳಗಿರಲಿ, 25ಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು ಅನ್ನುತ್ತದೆ. ಒಂದು ಬಾಟಲಿಯಲ್ಲೇ ಆ 25 ದಾಟಿತು. ಇಂಥವರು ಡಯಟ್‌ಗೆ ಬದಲಾದರೆ ಲಾಭ ಇದೆ, ಅದರಲ್ಲಿ ಮುಚ್ಚುಮರೆ ಬೇಡ. ನೆದರ್‌ಲ್ಯಾಂಡ್ಸ್‌ನಲ್ಲಿ 641 ಮಕ್ಕಳಿಗೆ ಒಂದೂವರೆ ವರ್ಷ ದಿನಾ 250 ಮಿಲಿ ಪಾನೀಯ ಕೊಟ್ಟು ನೋಡಿದರು, ಅರ್ಧ ಮಕ್ಕಳಿಗೆ ಸಕ್ಕರೆಯದು, ಅರ್ಧ ಮಕ್ಕಳಿಗೆ ಸಕ್ಕರೆ ಇಲ್ಲದ್ದು. 2012ರಲ್ಲಿ ಅದರ ಫಲಿತಾಂಶ ಬಂತು. ಸಕ್ಕರೆ ಇಲ್ಲದ್ದು ಕುಡಿದ ಮಕ್ಕಳ ತೂಕ ಏರಿದ್ದು ಉಳಿದವರಿಗಿಂತ ಸರಾಸರಿ 1 ಕೆಜಿ ಕಡಿಮೆ.

ಆದರೆ ನನ್ನ ಅಂಗಡಿಯಲ್ಲಿ ಡಯಟ್ ತೆಗೆದುಕೊಳ್ಳುವ ಜಾಸ್ತಿ ಜನ ಇವರಲ್ಲ. ಮೊದಲು ಕೋಲಾನೇ ಕುಡಿಯದಿದ್ದವರು. ಮಜ್ಜಿಗೆ ಕುಡಿಯುತ್ತಿದ್ದವರು, ಬರೀ ನೀರು ಕುಡಿಯುತ್ತಿದ್ದವರು. "ಡಯಟ್" ಅಂತ ಬರೆದದ್ದು ನೋಡಿ ಶುರು ಮಾಡಿದ್ದಾರೆ. ಇವರಿಗೆ ಯಾವ ಸಕ್ಕರೆ ಉಳಿಯಿತು? ಇನ್ನೊಂದು ಥರದವರೂ ಇದ್ದಾರೆ. ಮಡಿಕೇರಿಯಿಂದ ವಾಪಸ್ ಹೋಗುವಾಗ ಕಾರಿನ ಸೀಟಿನ ಮೇಲೆ ಹೋಮ್ ಮೇಡ್ ಚಾಕಲೇಟ್ ಎರಡು ಕೆಜಿ ಇಟ್ಟುಕೊಂಡು, ಬಾಳೆಕಾಯಿ ಚಿಪ್ಸ್ ದೊಡ್ಡ ಪ್ಯಾಕೆಟ್ ತೆಗೆದುಕೊಂಡು, ಆಮೇಲೆ "ಅಣ್ಣಾ, ಕೋಕ್ ಡಯಟ್ಟೇ ಕೊಡಿ, ಶುಗರ್ ಬೇಡ" ಅನ್ನುತ್ತಾರೆ. ನಾನು ಕೊಡುತ್ತೇನೆ. ವ್ಯಾಪಾರ ಅಲ್ವಾ.

2023ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತೂಕ ಇಳಿಸಲಿಕ್ಕೆ ಅಂತ ಸಕ್ಕರೆಯಲ್ಲದ ಈ ಸಿಹಿಗಳನ್ನು ನಂಬಿಕೊಳ್ಳಬೇಡಿ ಅಂತಲೂ ಹೇಳಿತು. ದೀರ್ಘಕಾಲಕ್ಕೆ ಕೊಬ್ಬು ಇಳಿದದ್ದು ಕಾಣಲಿಲ್ಲ, ಬದಲಿಗೆ ಜಾಸ್ತಿ ಕುಡಿಯುವವರಲ್ಲಿ ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಸ್ವಲ್ಪ ಹೆಚ್ಚು ಕಂಡಿತು. ಇಲ್ಲಿ ಒಂದು ಗೊಂದಲ ಇದೆ. ಡಯಟ್ ಕುಡಿದು ಕಾಯಿಲೆ ಬಂತೋ, ಮೊದಲೇ ತೂಕ ಏರಿದ್ದವರು, ಶುಗರ್ ಬಾರ್ಡರ್‌ನಲ್ಲಿ ಇದ್ದವರು ಹೆದರಿ ಡಯಟ್ ಹಿಡಿದರೋ, ಬಿಡಿಸಿ ಹೇಳುವುದು ಸುಲಭ ಅಲ್ಲ. ಅದಕ್ಕೇ ಅವರ ಸಲಹೆಯೂ ಖಡಾಖಂಡಿತದ್ದಲ್ಲ, ಮತ್ತು ಈಗಾಗಲೇ ಶುಗರ್ ಇರುವ ನನ್ನಂಥವರಿಗೆ ಅದು ಅನ್ವಯಿಸುವುದೂ ಇಲ್ಲ. ಎರಡನೇ ಪತ್ರದವರು ಇದನ್ನು ಗಮನಿಸಲಿ, ಮೊದಲನೆಯವರೂ ಗಮನಿಸಲಿ.

ಇನ್ನು ಕ್ಯಾನ್ಸರ್. 2023ರ ಜುಲೈಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಡಯಟ್ ಕೋಲಾಕ್ಕೆ ಹಾಕುವ ಆಸ್ಪರ್ಟೇಮ್ ಎಂಬ ಸಿಹಿಯನ್ನು 2ಬಿ ಗುಂಪಿಗೆ ಸೇರಿಸಿದ್ದು ನಿಜ. "ಕ್ಯಾನ್ಸರ್ ತರಬಹುದೇನೋ, ಸಾಕ್ಷಿ ಗಟ್ಟಿ ಇಲ್ಲ" ಅಂತ ಆ ಗುಂಪಿನ ಅರ್ಥ. ವಾಟ್ಸಾಪ್‌ನಲ್ಲಿ ಅದು "ಕ್ಯಾನ್ಸರ್ ಬರುತ್ತದೆ" ಆಯಿತು. ಅದೇ ದಿನ ಇನ್ನೊಂದು ಸಮಿತಿ, ಆಹಾರಕ್ಕೆ ಹಾಕುವ ಪದಾರ್ಥಗಳನ್ನು ನೋಡುವವರು, ಹಳೆಯ ಮಿತಿ ಬದಲಾಯಿಸುವ ಅಗತ್ಯ ಇಲ್ಲ ಅಂದರು. ಮಿತಿ ದಿನಕ್ಕೆ ಮೈತೂಕದ ಪ್ರತಿ ಕೆಜಿಗೆ 40 ಮಿಲಿಗ್ರಾಂ. 70 ಕೆಜಿಯ ಮನುಷ್ಯ ಅದನ್ನು ದಾಟಬೇಕಾದರೆ ದಿನಕ್ಕೆ 9ರಿಂದ 14 ಕ್ಯಾನ್ ಕುಡಿಯಬೇಕು. ಅಷ್ಟು ಕುಡಿಯುವ ಗಿರಾಕಿ ಸಿಕ್ಕಿದರೆ ನಾನು ತೋಟವನ್ನೇ ತೆಗೆದುಕೊಳ್ಳುತ್ತಿದ್ದೆ.

ಕೊಡಗಿನವರಿಗೆ ಈ ಪಟ್ಟಿಯ ಬಗ್ಗೆ ಇನ್ನೊಂದು ಗೊತ್ತಿರಬೇಕು. 1991ರಿಂದ 2016ರ ತನಕ ನಮ್ಮ ಕಾಫಿಯೂ ಇದೇ 2ಬಿ ಗುಂಪಿನಲ್ಲಿತ್ತು, ಮೂತ್ರಕೋಶದ ಕ್ಯಾನ್ಸರ್ ಹೆಸರಿನಲ್ಲಿ. 25 ವರ್ಷ! ಆ 25 ವರ್ಷ ನಾವು ಕಾಫಿ ಬೆಳೆದೆವು, ಕುಡಿದೆವು, ಯಾರೂ ಪತ್ರಿಕೆಗೆ ಪತ್ರ ಬರೆದ ನೆನಪಿಲ್ಲ. 2016ರಲ್ಲಿ ಕಾಫಿಯನ್ನು ಅಲ್ಲಿಂದ ತೆಗೆದರು, ಆದರೆ 65 ಡಿಗ್ರಿಗಿಂತ ಬಿಸಿಯಾಗಿ ಕುಡಿಯುವ ಯಾವುದೇ ಪಾನೀಯವನ್ನು ಒಂದು ಮೆಟ್ಟಿಲು ಮೇಲೆ, 2ಎ ಗುಂಪಿಗೆ ಹಾಕಿದರು. ಹಂದಿ ಮಾಂಸವೂ ಸೇರಿ ಕೆಂಪು ಮಾಂಸ ಇರುವುದು ಅದೇ 2ಎಯಲ್ಲಿ. ಮದ್ಯ ಇರುವುದು ಮೊದಲನೇ ಗುಂಪಿನಲ್ಲಿ, ಅಲ್ಲಿ ಅನುಮಾನದ ಮಾತೇ ಇಲ್ಲ. ಅಂದರೆ ಒಬ್ಬರು ಪಂದಿ ಕರಿ, ಅಂದರೆ ನಮ್ಮ ಹಂದಿ ಸಾರು, ಜೊತೆಗೆ ಅಕ್ಕಿಯ ಕಡಂಬುಟ್ಟು ಮುಂದಿಟ್ಟುಕೊಂಡು, ಒಂದು ಕೈಯಲ್ಲಿ ರಮ್ ಹಿಡಿದು, "ಡಯಟ್ ಕೋಲಾ ಬೇಡಪ್ಪ, ಕ್ಯಾನ್ಸರ್" ಅಂದರೆ ನಗು ಬರುವುದಿಲ್ವಾ? ಪಂದಿ ಕರಿ ಬಿಡಿ ಅಂತ ನಾನು ಹೇಳುತ್ತಿಲ್ಲ, ನನಗೆ ಈ ಊರಲ್ಲೇ ಇರಬೇಕು.

ರಮ್ ಮಾತು ಬಂತು, ಹೇಳಿಬಿಡುತ್ತೇನೆ, ಯಾಕೆಂದರೆ ಇದು ನಿಜವಾಗಿ ಅಪಾಯದ್ದು ಮತ್ತು ಯಾರೂ ಹೇಳುವುದಿಲ್ಲ. ಈಗ ಮದುವೆ ಮನೆಗಳಲ್ಲಿ ರಮ್‌ಗೆ, ವೋಡ್ಕಾಗೆ ಡಯಟ್ ಕೋಲಾ ಬೆರೆಸುವ ರೂಢಿ ಬಂದಿದೆ. ಹೊಟ್ಟೆಯೊಳಗೆ ಸಕ್ಕರೆ ಇದ್ದರೆ ಅದು ಮದ್ಯವನ್ನು ಸ್ವಲ್ಪ ತಡೆದು ನಿಧಾನವಾಗಿ ಕೆಳಗೆ ಬಿಡುತ್ತದೆ. ಸಕ್ಕರೆ ಇಲ್ಲದಿದ್ದರೆ ಬೇಗ ಇಳಿದು ಬೇಗ ರಕ್ತಕ್ಕೆ ಸೇರುತ್ತದೆ. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಇದನ್ನು ಅಳೆದು ನೋಡಿದ್ದಾರೆ, 2006ರಲ್ಲಿ. ಡಯಟ್ ಬೆರೆಸಿದಾಗ ಹೊಟ್ಟೆ ಅರ್ಧ ಖಾಲಿಯಾಗಲು 21 ನಿಮಿಷ, ಸಕ್ಕರೆಯದು ಬೆರೆಸಿದಾಗ 36 ನಿಮಿಷ. ರಕ್ತದಲ್ಲಿ ಮದ್ಯದ ಮಟ್ಟವೂ ಡಯಟ್‌ನಲ್ಲೇ ಜಾಸ್ತಿ ಏರಿತು. ಅಷ್ಟೇ ಪೆಗ್, ಆದರೆ ಏರುವುದು ಬೇರೆ. ನಮ್ಮ ಕಾನೂನಿನಲ್ಲಿ ಗಾಡಿ ಓಡಿಸುವವರ 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ ದಾಟುವ ಹಾಗಿಲ್ಲ. "ನನಗೆ ಎರಡೇ ಪೆಗ್, ಏನೂ ಆಗಲ್ಲ" ಅಂತ ಹಳೆ ಲೆಕ್ಕ ಇಟ್ಟುಕೊಂಡು ರಾತ್ರಿ ಮಳೆಯಲ್ಲಿ ಸಂಪಾಜೆ ಘಾಟಿ ಇಳಿಯುವವರು ಇದನ್ನು ಎರಡು ಸಲ ಓದಿ.

ಹಲ್ಲಿನದು ಚುಟುಕಾಗಿ. ಸಕ್ಕರೆ ಇಲ್ಲ ಅಂದ ಮಾತ್ರಕ್ಕೆ ಹುಳಿ ಇಲ್ಲ ಅಂತಲ್ಲ. ಕೋಲಾದಲ್ಲಿ ಫಾಸ್ಫಾರಿಕ್ ಆಸಿಡ್ ಇದೆ, ಡಯಟ್‌ನಲ್ಲೂ ಇದೆ. ದಿನವಿಡೀ ಗುಟುಕರಿಸುತ್ತಾ ಕೂತರೆ ಹಲ್ಲಿನ ಮೇಲಿನ ಪದರ ಸವೆಯುತ್ತದೆ. ಕುಡಿಯುವುದೇ ಆದರೆ ಊಟದ ಜೊತೆ ಒಂದೇ ಸಲ ಮುಗಿಸಿ.

ಕ್ಯಾನ್ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದುವ ಅಭ್ಯಾಸ ಮಾಡಿಕೊಳ್ಳಿ. ಸಿಹಿಯ ನಂಬರ್ 951 ಅಂತ ಇದ್ದರೆ ಆಸ್ಪರ್ಟೇಮ್, 950 ಇದ್ದರೆ ಅಸಿಸಲ್ಫೇಮ್ ಪೊಟ್ಯಾಸಿಯಂ, 955 ಇದ್ದರೆ ಸುಕ್ರಲೋಸ್. ಈ ಸುಕ್ರಲೋಸ್ ಕಂಡುಹಿಡಿದದ್ದರಲ್ಲಿ ನಮ್ಮವರೊಬ್ಬರ ಕಿವಿಯ ಪಾತ್ರ ಇದೆ. 1976ರಲ್ಲಿ ಲಂಡನ್‌ನಲ್ಲಿ ಓದುತ್ತಿದ್ದ ಶಶಿಕಾಂತ್ ಫಡ್ನಿಸ್ ಅವರಿಗೆ ಗುರುಗಳು ಆ ಪುಡಿಯನ್ನು "ಟೆಸ್ಟ್" ಮಾಡು ಅಂದರೆ ಅವರಿಗೆ "ಟೇಸ್ಟ್" ಅಂತ ಕೇಳಿಸಿ ನಾಲಿಗೆಗೆ ಇಟ್ಟುಕೊಂಡುಬಿಟ್ಟರಂತೆ. ಸಕ್ಕರೆಯ 600 ಪಟ್ಟು ಸಿಹಿ. ಇನ್ನು, ಹುಟ್ಟಿನಿಂದ ಫಿನೈಲ್‌ಕೀಟೋನೂರಿಯಾ ಎಂಬ ತೊಂದರೆ ಇರುವವರಿಗೆ ಆಸ್ಪರ್ಟೇಮ್ ಆಗುವುದೇ ಇಲ್ಲ, ಅವರಿಗೆ ಅದು ನಿಜಕ್ಕೂ ವಿಷ. ಅಂಥವರು ತೀರಾ ಕಡಿಮೆ, ಆದರೆ ಇದ್ದಾರೆ. ಮಕ್ಕಳಿಗೆ ನಾನಂತೂ ಕೊಡುವುದಿಲ್ಲ. ಅಪ್ಪ ಅಮ್ಮ ಕಾರಿನಲ್ಲೇ ಕೂತು ಹುಡುಗನನ್ನು ಕಳಿಸಿದರೆ ಎಳನೀರು ಕೊಟ್ಟು ಕಳಿಸುತ್ತೇನೆ, ಬೈದವರೂ ಇದ್ದಾರೆ.

ನಮ್ಮ ಕಡೆ ಸೋಡಾ ಅಂದರೆ ಮೊದಲಿನಿಂದಲೂ ಬರೀ ಸೋಡಾ, ಗೋಲಿ ಸೋಡಾ. ಅದರಲ್ಲಿ ಗ್ಯಾಸ್ ತುಂಬಿದ ನೀರು ಬಿಟ್ಟರೆ ಏನೂ ಇಲ್ಲ. ಸಕ್ಕರೆ ಇಲ್ಲ, 951 ಇಲ್ಲ. ಅರ್ಧ ನಿಂಬೆಹಣ್ಣು ಹಿಂಡಿ, ಚಿಟಿಕೆ ಉಪ್ಪು ಹಾಕಿದರೆ ನೊರೆ ಉಕ್ಕಿ ಲೋಟದ ಅಂಚಿಗೆ ಬರುತ್ತದೆ, ಆಗಲೇ ಬಾಯಿ ಹಾಕಬೇಕು. ಬಿಪಿ ಇರುವವರು ಉಪ್ಪು ಬಿಡಿ. ಕೋಲಾ ಬಿಡಲಾಗದೆ ಒದ್ದಾಡುತ್ತಿದ್ದ ಒಬ್ಬರು ಮೊದಲು ಡಯಟ್‌ಗೆ ಬಂದು, ಆರು ತಿಂಗಳಲ್ಲಿ ನಿಂಬೆ ಸೋಡಾಕ್ಕೆ ಬಂದರು. ನಾನೂ ಹಾಗೇ ಬಂದೆ. ಈಗ ಡಯಟ್ ನನಗೆ ತಿಂಗಳಿಗೆ ಒಂದೋ ಎರಡೋ, ಹಾಕಿ ಮ್ಯಾಚ್ ನೋಡುವಾಗ.

ರೈಟರ್ ಘಟನೆ ಆದಮೇಲೆ ಫ್ರಿಜ್ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದೇನೆ: "ಶುಗರ್ ಇಳಿದು ತಲೆ ತಿರುಗುತ್ತಿದ್ದರೆ ಡಯಟ್ ತೆಗೆಯಬೇಡಿ, ಸಕ್ಕರೆ ಕೇಳಿ, ದುಡ್ಡು ಬೇಡ." ಮಾಲು ಇಳಿಸಲು ಬರುವ ಹುಡುಗ ಕಂಪನಿಯವರು ನೋಡಿದರೆ ಬೇಜಾರಾಗುತ್ತಾರೆ, ತೆಗೀರಿ ಅಂದ. ತೆಗೆದಿಲ್ಲ. ಮಳೆಗಾಲದಲ್ಲಿ ಅಂಚು ಮುದುಡಿತ್ತು, ಮೊನ್ನೆ ಹೊಸ ಟೇಪ್ ಹಾಕಿದೆ. ರೈಟರ್ ಈಗಲೂ ಬರುತ್ತಾರೆ, ಜೇಬಿನಲ್ಲಿ ಕಾಗದ ಸುತ್ತಿದ ಬೆಲ್ಲದ ಅಚ್ಚು ಇರುತ್ತದೆ.

ಇಂತಿ,
ಸುಂಟಿಕೊಪ್ಪ ಕಡೆಯ ಒಬ್ಬ ಅಂಗಡಿಯವ