ಮಣಿಕಟ್ಟು ಉಬ್ಬಿದ ಮಾತ್ರಕ್ಕೆ ಮಕ್ಕಳಿಗೆ ಪ್ಲಾಸ್ಟರ್ ಏಕೆ?

ಮಾನ್ಯರೇ,

ಬೇಸಿಗೆ ರಜೆ ಶುರುವಾದರೆ ಸೈಕಲ್‌ನಿಂದಲೋ ಜಾರುಬಂಡಿಯಿಂದಲೋ ಬಿದ್ದು, ಅಂಗೈ ಊರಿ ಮಣಿಕಟ್ಟು ನೋಯಿಸಿಕೊಂಡ ಮಕ್ಕಳು ಆಸ್ಪತ್ರೆಗೆ ಬರುತ್ತಲೇ ಇರುತ್ತಾರೆ. ಇವರಲ್ಲಿ ಅನೇಕರಿಗೆ ಆಗಿರುವುದು ‘ಬಕಲ್’ ಮುರಿತ. ಎಳೆ ಮೂಳೆ ತುಂಡಾಗಿರುವುದಿಲ್ಲ, ಒತ್ತಡಕ್ಕೆ ಒಂದು ಬದಿ ಉಬ್ಬಿರುತ್ತದೆ ಅಷ್ಟೆ. ಈ ಮೂಳೆ ಜಾಗ ಬಿಟ್ಟು ಸರಿಯುವುದಿಲ್ಲ, ತಾನಾಗಿಯೇ ಕೂಡುತ್ತದೆ. ಆದರೂ ಸುತ್ತಲೂ ಪ್ಲಾಸ್ಟರ್, ಮತ್ತೆ ಮತ್ತೆ ಎಕ್ಸ್‌ರೇ, ಕೊನೆಗೆ ಕಟ್ಟರ್ ಸದ್ದಿಗೆ ಮಗುವಿನ ಚೀರಾಟ ಇನ್ನೂ ನಡೆದೇ ಇದೆ.

ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ ಇಂಥ ಮುರಿತಕ್ಕೆ ಗಟ್ಟಿ ಪ್ಲಾಸ್ಟರ್ ಬೇಡ, ಮರುಭೇಟಿಯೂ ಸಾಮಾನ್ಯವಾಗಿ ಬೇಕಿಲ್ಲ ಎಂದು 2016ರಲ್ಲೇ ಹೇಳಿತು. ಅಲ್ಲಿನ 23 ಆಸ್ಪತ್ರೆಗಳಲ್ಲಿ 4ರಿಂದ 15 ವರ್ಷದ 965 ಮಕ್ಕಳ ಮೇಲೆ ನಡೆದ ಅಧ್ಯಯನ 2022ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಬರೀ ಮೆದು ಬ್ಯಾಂಡೇಜ್ ಕೊಟ್ಟವರಿಗೂ ಗಟ್ಟಿ ಆಧಾರ ಕೊಟ್ಟವರಿಗೂ ಮೂರನೇ ದಿನದ ನೋವಿನಲ್ಲಿ ವ್ಯತ್ಯಾಸ ಕಾಣಲಿಲ್ಲ.

ಆದರೆ ಎಕ್ಸ್‌ರೇ ಓದುವಾಗ ಅವಸರ ಸಲ್ಲದು. ನೇರ ನೋಟದಲ್ಲಿ ಕಾಣದ ಉಬ್ಬು ಪಕ್ಕದ ನೋಟದಲ್ಲಿ ಸಿಗುತ್ತದೆ, ಎರಡೂ ಬೇಕು. ಉಬ್ಬಿನ ಎದುರಿನ ಅಂಚು ಸೀಳಿದ್ದರೆ ಅದು ಬಕಲ್ ಅಲ್ಲ, ಹಸಿಕಡ್ಡಿ ಮುರಿತ. ಅದು ಬಾಗಬಹುದು, ಪ್ಲಾಸ್ಟರ್ ಹಾಕಿ ವಾರದಲ್ಲಿ ಮತ್ತೆ ನೋಡಬೇಕು. ಬೆಳವಣಿಗೆಯ ಫಲಕಕ್ಕೆ (ಮೂಳೆ ಉದ್ದ ಬೆಳೆಯುವ ತುದಿಯ ಪದರಕ್ಕೆ) ಪೆಟ್ಟಾಗಿದ್ದರೂ ಈ ಸರಳ ದಾರಿ ನಡೆಯದು. ಮೊಣಕೈಯನ್ನೂ ಹೆಬ್ಬೆರಳ ಬುಡದ ಕುಳಿಯನ್ನೂ ಒತ್ತಿ ನೋಡದೆ ಮನೆಗೆ ಕಳಿಸಬಾರದು. ಇನ್ನೂ ನಡೆಯದ ಕೂಸಿನ ಕೈ ಮುರಿದಿದ್ದರಂತೂ ಕಾರಣವನ್ನು ಕೇಳಿಯೇ ತಿಳಿಯಬೇಕು.

ಬಕಲ್ ಎಂದು ಖಚಿತವಾದ ಮೇಲೆ ವೆಲ್ಕ್ರೋ ಇರುವ ರಿಸ್ಟ್ ಸ್ಪ್ಲಿಂಟ್ (ಮಣಿಕಟ್ಟಿನ ಆಧಾರಪಟ್ಟಿ) ಅಥವಾ ಕ್ರೇಪ್ ಬ್ಯಾಂಡೇಜ್ ಸಾಕು. ಸ್ನಾನಕ್ಕೆ ಬಿಚ್ಚಬಹುದು, ಮೂರು ವಾರಕ್ಕೆ ಮನೆಯಲ್ಲೇ ತೆಗೆಯಬಹುದು. ಸುತ್ತಲೂ ಹಾಕಿದ ಪ್ಲಾಸ್ಟರ್ ಹಾಗಲ್ಲ. ಮೊದಲ ಎರಡು ದಿನ ಊತ ಏರಿದರೆ ಅದು ಕೈಯನ್ನು ಬಿಗಿಯುತ್ತದೆ, ಒದ್ದೆಯಾದರೆ ಒಳಗಿನ ಹತ್ತಿ ಚರ್ಮ ಕೆಡಿಸುತ್ತದೆ, ತುರಿಕೆ ತಾಳದೆ ಮಕ್ಕಳು ಸ್ಕೇಲು, ಪೊರಕೆಕಡ್ಡಿ ತೂರಿಸಿ ಗಾಯ ಮಾಡಿಕೊಳ್ಳುತ್ತಾರೆ. ನೋವಿಗೆ ಪ್ಯಾರಾಸಿಟಮಾಲ್, ಕೆ.ಜಿ. ತೂಕಕ್ಕೆ 15 ಮಿ.ಗ್ರಾಂ., ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಸಲ ಮೀರದಂತೆ. ಚಮಚದ ಲೆಕ್ಕ ಬೇಡ, ಸಿರಪ್‌ನ ಮಿ.ಲೀ. ಬರೆದುಕೊಡಿ.

ಸ್ಪ್ಲಿಂಟ್ ಇಲ್ಲವೆಂಬ ನೆಪಕ್ಕೂ ದಾರಿಯಿದೆ. ಹತ್ತಿಯ ಮೇಲೆ ಒಂದೇ ಬದಿಗೆ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಸ್ಲ್ಯಾಬ್, ಅಂದರೆ ಗಟ್ಟಿ ಪಟ್ಟಿ, ಇಟ್ಟು, ಬೆರಳುಗಳು ಪೂರ್ತಿ ಮಡಚುವಂತೆ ಗೆಣ್ಣಿನ ಹಿಂದೆಯೇ ನಿಲ್ಲಿಸಿ, ಕ್ರೇಪ್ ಸುತ್ತಿದರೆ ತಂದೆತಾಯಿಯೇ ಬಿಚ್ಚಬಲ್ಲರು. ಪಿಒಪಿ ರೋಲ್ ಅಗ್ಗ ಎಂಬುದು ಉಗ್ರಾಣದ ಲೆಕ್ಕ. ಅದರಲ್ಲಿ ಮರು ಎಕ್ಸ್‌ರೇಯೂ ಇಲ್ಲ, ಅಪ್ಪನೋ ಅಮ್ಮನೋ ಕಳೆದುಕೊಳ್ಳುವ ಕೂಲಿಯೂ ಇಲ್ಲ. ರಾಜ್ಯ ವೈದ್ಯಕೀಯ ಸರಬರಾಜು ನಿಗಮ ಮಕ್ಕಳ ಅಳತೆಯ ಸ್ಪ್ಲಿಂಟ್‌ಗಳನ್ನು, ಎಡ ಬಲ ಎರಡನ್ನೂ, ತಾಲ್ಲೂಕು ಆಸ್ಪತ್ರೆಯವರೆಗೂ ತಲುಪಿಸಲಿ.

ನಿಜವಾದ ಅಡ್ಡಿ ಬೇರೆಯೇ ಇದೆ. ಪ್ಲಾಸ್ಟರ್ ಹಾಕದಿದ್ದರೆ ‘ಡಾಕ್ಟರು ಏನೂ ಮಾಡಲಿಲ್ಲ’ ಎಂದು ಮನೆಯವರು ನಾಟಿ ಕಟ್ಟಿಗೆ ಹೋಗುತ್ತಾರೆ. ಅಲ್ಲಿ ಬಿದಿರಿನ ದಬ್ಬೆ ಬಿಗಿಯಾದರೆ ರಕ್ತ ಓಡಾಟವೇ ನಿಂತೀತು. ಆದ್ದರಿಂದ ಎಕ್ಸ್‌ರೇಯಲ್ಲಿನ ಉಬ್ಬನ್ನು ಅವರಿಗೇ ತೋರಿಸಿ ಎರಡು ನಿಮಿಷ ಮಾತಾಡಬೇಕು. ಜೊತೆಗೆ ಕನ್ನಡದಲ್ಲಿ ಅಚ್ಚಾದ ಒಂದು ಚೀಟಿ ಕೊಡಬೇಕು: ಪಟ್ಟಿ ತೆಗೆಯುವ ತಾರೀಖು, ಆಮೇಲೂ ಮೂರು ವಾರ ಕಬಡ್ಡಿ, ಸೈಕಲ್ ಬೇಡವೆಂಬ ಸೂಚನೆ, ಬೆರಳು ನೀಲಿಗಟ್ಟಿದರೆ, ಜೋಮು ಹಿಡಿದರೆ, ನೋವು ಏರುತ್ತಲೇ ಹೋದರೆ ಅಥವಾ ಮೂರು ವಾರ ಕಳೆದರೂ ಇಳಿಯದಿದ್ದರೆ ಬರಬೇಕಾದ ಕೊಠಡಿಯ ಸಂಖ್ಯೆ.

– ಮೂಳೆ ವಿಭಾಗದ ಕೆಲವು ವೈದ್ಯರು ಮತ್ತು ಶುಶ್ರೂಷಕರು