ದೀನತೆಯ ಪಾಠ ಮೊದಲು ಯಾರಿಗೆ?

ಮಾನ್ಯ ಸಂಪಾದಕರೇ,

ತಗ್ಗಿ ನಡೆಯಿರಿ, ಎದುರು ಮಾತಾಡಬೇಡಿ, ಸಹಿಸಿಕೊಳ್ಳಿ. ಚರ್ಚಿಗೆ ಹೋಗುವ ನಮಗೆಲ್ಲ ಈ ಪ್ರಸಂಗ (ಪ್ರವಚನ) ಬಾಯಿಪಾಠ. ಆದರೆ ಇದನ್ನು ಜಾಸ್ತಿ ಹೇಳುವುದು ಯಾರಿಗೆ? ಸೊಸೆಗೆ, ಮನೆಗೆಲಸದವಳಿಗೆ, ದಲಿತ ಕ್ರೈಸ್ತರಿಗೆ. ನನಗೆ ಇದು ನಿಜಕ್ಕೂ ನೋವಿನ ವಿಷಯ, ಯಾಕೆಂದರೆ ಬೈಬಲಿನಲ್ಲಿ ಈ ಪಾಠ ಶುರುವಾಗುವುದು ದೊಡ್ಡವರಿಂದ.

ಯೋಹಾನನ ಸುವಾರ್ತೆಯ 13ನೇ ಅಧ್ಯಾಯ ನೋಡಿ. ಕೊನೆಯ ಊಟದ ರಾತ್ರಿ ಯೇಸು ಮೇಲಂಗಿ ತೆಗೆದಿಟ್ಟು, ಸೊಂಟಕ್ಕೆ ಬಟ್ಟೆ ಸುತ್ತಿಕೊಂಡು, ಬೋಗುಣಿಗೆ ನೀರು ಹಾಕಿ ಶಿಷ್ಯರ ಕಾಲು ತೊಳೆಯಲು ಕೂರುತ್ತಾರೆ. ಆ ಕಾಲದಲ್ಲಿ ಅದು ಆಳುಗಳ ಕೆಲಸ. ಪೇತ್ರನಿಗೆ ಗಾಬರಿಯಾಗಿ ಬೇಡವೇ ಬೇಡ ಅನ್ನುತ್ತಾನೆ. ಗುರುವಾದ ನಾನೇ ತೊಳೆದ ಮೇಲೆ ನೀವೂ ಒಬ್ಬರ ಕಾಲು ಒಬ್ಬರು ತೊಳೆಯಬೇಕು ಅಂತ ಯೇಸು ಹೇಳುತ್ತಾರೆ. ನನ್ನ ಕಾಲು ತೊಳೆಯಿರಿ ಅನ್ನಲಿಲ್ಲ, ಅಲ್ವಾ?

ಪೋಪ್ ಫ್ರಾನ್ಸಿಸ್ ಇದನ್ನು ಅರ್ಥ ಮಾಡಿಕೊಂಡಿದ್ದರು. 2013ರಲ್ಲಿ ಪೋಪ್ ಆದ ತಿಂಗಳಲ್ಲೇ ಪವಿತ್ರ ಗುರುವಾರದಂದು, ಅಂದರೆ ಆ ಕೊನೆಯ ಊಟವನ್ನು ನೆನೆಯುವ ದಿನ, ರೋಮಿನ ಬಾಲಾಪರಾಧಿಗಳ ಜೈಲಿಗೆ ಹೋಗಿ 12 ಮಂದಿಯ ಕಾಲು ತೊಳೆದರು. ಅವರಲ್ಲಿ ಇಬ್ಬರು ಹುಡುಗಿಯರಿದ್ದರು, ಮುಸ್ಲಿಮರೂ ಇದ್ದರು. ಆಗಿನ ನಿಯಮದಲ್ಲಿ ಈ ವಿಧಿಯಲ್ಲಿ ಕಾಲು ತೊಳೆಸಿಕೊಳ್ಳಲು ಗಂಡಸರಿಗೆ ಮಾತ್ರ ಅವಕಾಶವಿತ್ತು. 2016ರಲ್ಲಿ ಆ ನಿಯಮವನ್ನೇ ಬದಲಿಸಿದರು. 2024ರಲ್ಲಿ ನಡೆಯಲೂ ಆಗದೆ ಗಾಲಿಕುರ್ಚಿಯಲ್ಲೇ ಮಹಿಳಾ ಜೈಲಿಗೆ ಹೋಗಿ 12 ಹೆಂಗಸರ ಕಾಲು ತೊಳೆದರು. ಅವರ ಕೈಗೆ ಎಟುಕಲಿ ಅಂತ ಆ ಹೆಂಗಸರನ್ನು ಎತ್ತರದ ಜಾಗದಲ್ಲಿ ಕೂರಿಸಿದ್ದರು.

ಅಹಂಕಾರವೇ ದೊಡ್ಡ ಪಾಪ ಅನ್ನುವ ಮಾತಿಗೂ ಒಂದು ಮಿತಿ ಇದೆ. ಅದು ಗಂಡಸರ ಬದುಕು ನೋಡಿ ಹೇಳಿದ ಮಾತು, ತನ್ನನ್ನೇ ಕಳೆದುಕೊಂಡ ಹೆಣ್ಣಿಗೆ ಇನ್ನೂ ತಗ್ಗು ಅನ್ನುವುದು ಸರಿಯಲ್ಲ ಅಂತ 1960ರಲ್ಲೇ ಅಮೆರಿಕದ ದೇವತಾಶಾಸ್ತ್ರಜ್ಞೆ ವೇಲರಿ ಸೇವಿಂಗ್ ವಾದಿಸಿದ್ದರು. ನಮ್ಮ ಪ್ರಸಂಗಗಳಿಗೆ ಆ ಮಾತು ಇನ್ನೂ ಮುಟ್ಟಿಲ್ಲ.

ದೀನತೆ ಅಂದರೆ ಸುಮ್ನೆ ಬಾಯಿ ಮುಚ್ಚಿಕೊಂಡಿರುವುದೂ ಅಲ್ಲ. ಕಾಲು ತೊಳೆದ ಅದೇ ರಾತ್ರಿ ಯೇಸುವನ್ನು ಹಿಡಿದು ವಿಚಾರಣೆಗೆ ನಿಲ್ಲಿಸಿದಾಗ ಕಾವಲಿನವನೊಬ್ಬ ಕೆನ್ನೆಗೆ ಹೊಡೆಯುತ್ತಾನೆ. ನಾನು ತಪ್ಪು ಹೇಳಿದ್ದರೆ ತೋರಿಸು, ಸರಿ ಹೇಳಿದ್ದರೆ ಯಾಕೆ ಹೊಡೆಯುತ್ತೀ ಅಂತ ಯೇಸು ನೇರವಾಗಿ ಕೇಳುತ್ತಾರೆ. ಇದು ಅದೇ ಸುವಾರ್ತೆಯ 18ನೇ ಅಧ್ಯಾಯದಲ್ಲಿದೆ. ಫಾದರ್‌ಗಳು, ಪಾಸ್ಟರ್‌ಗಳು ದಯವಿಟ್ಟು ಈ ಎರಡು ಅಧ್ಯಾಯಗಳನ್ನೂ ಒಟ್ಟಿಗೆ ಇಟ್ಟು ಪ್ರಸಂಗ ಮಾಡಲಿ, ಅದೂ ಮೊದಲು ಚರ್ಚಿನ ಆಡಳಿತ ಸಮಿತಿಯ ಮುಂದೆ.

ಇಂತಿ,
ಓರ್ವ ಓದುಗ, ಮಂಗಳೂರು