ಶಾಸಕರೇ, ಆ ಕುಂಡಗಳನ್ನು ಇಳಿಸಿ

ನಮ್ಮ ಕ್ಷೇತ್ರದ ಮಾನ್ಯ ಶಾಸಕರಿಗೆ,

ನಮಸ್ಕಾರಗಳು. ಬೆಂಗಳೂರಿನ ನಮ್ಮ ಬಡಾವಣೆಯ ಮೇಲ್ಸೇತುವೆ ಕಂಬಗಳಿಗೆ ತಾವೇ ಟೇಪು ಕತ್ತರಿಸಿ ಅರ್ಪಿಸಿದ ಲಂಬ ಉದ್ಯಾನದ, ಅಂದರೆ ಕಂಬದುದ್ದಕ್ಕೂ ಕುಂಡ ಜೋಡಿಸಿದ ತೋಟದ ವಿಷಯ. ‘ಮರುಬಳಕೆ ಪ್ಲಾಸ್ಟಿಕ್‌ನಿಂದ ತಯಾರಾದ ಕುಂಡಗಳು’ ಎಂಬ ಫಲಕ ತಮ್ಮ ಭಾವಚಿತ್ರದ ಸಮೇತ ಇನ್ನೂ ಇದೆ. ಗಿಡಗಳು ಮಾತ್ರ ಮೊದಲ ಬೇಸಿಗೆಯನ್ನೇ ದಾಟಲಿಲ್ಲ.

ದಾಟುವುದಾದರೂ ಹೇಗೆ? ಅಂಗೈಯಗಲದ ಕುಂಡ, ಒಂದು ಹಿಡಿ ತೆಂಗಿನ ನಾರಿನ ಪುಡಿ, ಬೆನ್ನಿಗೆ ಕಾದ ಕಾಂಕ್ರೀಟು. ಮೇಲೆ ಸೇತುವೆ ಇರುವುದರಿಂದ ಮಳೆಯೂ ತಾಗುವುದಿಲ್ಲ. ಹನಿ ನೀರಾವರಿ ಕೊಳವೆಯನ್ನು ಇಲಿ ಕಡಿದು ವರ್ಷಗಳಾದವು. ಬಿಸಿಲಿಗೆ ಪೆಡಸಾದ ಕುಂಡಗಳು ಈಗ ಕಳಚಿ ಬೀಳುತ್ತಿವೆ. ಮೊನ್ನೆ ಒಂದು ಹಾಲಿನ ಹುಡುಗನ ಸ್ಕೂಟರ್ ಮೇಲೆ ಬಿತ್ತು. ಕಸದಿಂದ ಕುಂಡ, ಕುಂಡದಿಂದ ಕಸ. ಮರುಬಳಕೆ ಎಂದರೆ ಇದೇ ಇರಬೇಕು. ದಯವಿಟ್ಟು ಇಳಿಸಿ.

ಸಚಿವರೊಬ್ಬರು ಬರುವ ಹಿಂದಿನ ರಾತ್ರಿ ನಡೆದದ್ದನ್ನು ಹೇಳದೆ ಇರಲಾರೆ. ಗುತ್ತಿಗೆದಾರನ ಆಳುಗಳು ಒಣಗಿದ ಕಡ್ಡಿಗಳನ್ನು ಕಿತ್ತು, ಅದೇ ಕುಂಡಗಳಿಗೆ ಪ್ಲಾಸ್ಟಿಕ್ ಎಲೆಗಳನ್ನು ತಂತಿಯಿಂದ ಬಿಗಿದರು. ಬೆಳಿಗ್ಗೆ ಟ್ಯಾಂಕರ್ ಬಂತು. ಹುಡುಗನೊಬ್ಬ ಪೈಪು ಹಿಡಿದು ಆ ಎಲೆಗಳಿಗೆ ನೀರು ಹೊಡೆಯತೊಡಗಿದ! “ಅದು ಪ್ಲಾಸ್ಟಿಕ್ ಕಣಪ್ಪಾ” ಎಂದೆ. “ಗೊತ್ತು ಅಮ್ಮಾ, ಟ್ರಿಪ್ಪಿನ ಲೆಕ್ಕ ಕೊಡಬೇಕಲ್ಲ” ಎಂದ. ಅಂದು ನಮ್ಮ ನಲ್ಲಿಯಲ್ಲಿ ಕಾವೇರಿ ನೀರಿರಲಿಲ್ಲ. ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಎಂದು 2024ರ ಮಾರ್ಚ್‌ನಲ್ಲಿ ಆದೇಶ ಬಂದಾಗ ತುಳಸಿಗೆ ಅಕ್ಕಿ ತೊಳೆದ ನೀರು ಹಾಕಿ ಉಳಿಸಿಕೊಂಡವಳು ನಾನು. ಪ್ಲಾಸ್ಟಿಕ್ ಎಲೆಗೆ ದಂಡವಿಲ್ಲವೇ ಸ್ವಾಮಿ?

ಹಸಿರು ಬೇಡವೆನ್ನುತ್ತಿಲ್ಲ. ಮೆಕ್ಸಿಕೊ ನಗರದಲ್ಲಿ 2016ರಲ್ಲಿ ಶುರುವಾದ ಯೋಜನೆಯಲ್ಲಿ, ಪ್ಲಾಸ್ಟಿಕ್ ಬಾಟಲಿಗಳಿಂದ ಮಾಡಿದ ಬಟ್ಟೆಯನ್ನು ಕಂಬಗಳಿಗೆ ಹೊದಿಸಿ ಅದರಲ್ಲಿ ಗಿಡ ಬೆಳೆಸಿದರು. ಸೇತುವೆಯ ಮಳೆನೀರನ್ನೇ ಅದಕ್ಕೆ ಹಾಯಿಸುವ ಏರ್ಪಾಡು. ನಮ್ಮ ಸೇತುವೆಯ ಮಳೆನೀರು ನೇರ ನನ್ನ ಗೇಟಿನ ಮುಂದೆ ಸುರಿಯುತ್ತದೆ. ಮರುಬಳಕೆಯೇ ಬೇಕೆಂದರೆ ಒಡೆದ ಕಟ್ಟಡಗಳ ಅವಶೇಷವಿದೆ. ಅದರಿಂದ ತಯಾರಾದ ಸಾಮಗ್ರಿಯನ್ನು ಸರ್ಕಾರಿ ಕಾಮಗಾರಿಗಳಲ್ಲಿ ಶೇ 10ರಿಂದ 20ರಷ್ಟು ಬಳಸಬೇಕೆಂದು ಕೇಂದ್ರದ 2016ರ ಕಟ್ಟಡ ತ್ಯಾಜ್ಯ ನಿಯಮವೇ ಹೇಳಿತ್ತು, ತಮಗೆ ತಿಳಿಯದ್ದೇನಲ್ಲ. ಕೆರೆ ಏರಿಯ ಮೇಲೆ ಇಟ್ಟಿಗೆ ಚೂರು ರಾಶಿ ಬಿದ್ದಿದೆ. ಇಟ್ಟಿಗೆ ನೀರು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಅದನ್ನು ಮಣ್ಣಿಗೆ ಬೆರೆಸಿ ಕಂಬದ ಬುಡದಲ್ಲಿ ಪಾತಿ ಮಾಡಿ ಬಳ್ಳಿ ಹಬ್ಬಿಸಿ, ಯಾರು ಬೇಡ ಅಂದವರು?

ಆದರೆ ಮೊದಲು ಕುಂಡಗಳನ್ನು ಇಳಿಸಿ, ಯಾರದಾದರೂ ತಲೆ ಒಡೆಯುವ ಮುಂಚೆ. ನೀರು ಹಾಯಿಸುವವರು ಯಾರು, ಎಷ್ಟು ವರ್ಷ ಎಂಬುದನ್ನು ಗುತ್ತಿಗೆ ಪತ್ರದಲ್ಲಿ ಬರೆಯದೆ ಇನ್ನೊಂದು ಕಂಬಕ್ಕೆ ಮೊಳೆ ಹೊಡೆಯಬೇಡಿ.

ಇಂತಿ,
ಕಂಬದ ಎದುರು ಮನೆಯವಳು